ಅರಿಶಿನ ಬಟ್ಟೆಯ ನಾಲ್ಕು ಗಂಟು

ಮೊನ್ನೆ ಕ್ಲಿನಿಕ್ಕಿನಲ್ಲಿ ಟೋಕನ್ ಕೊಡುತ್ತಿದ್ದೆ. ಹಳ್ಳಿಯಿಂದ ಬಂದಿದ್ದ ಹೆಂಗಸೊಬ್ಬರು ದುಡ್ಡು ತೆಗೆಯಲು ಸೊಂಟದ ಚೀಲ ಬಿಚ್ಚಿದಾಗ, ನೋಟಿನ ಜೊತೆ ಅರಿಶಿನ ಬಟ್ಟೆಯ ಪುಟ್ಟ ಗಂಟೊಂದು ಮೇಜಿನ ಮೇಲೆ ಬಿತ್ತು. "ಮುಡಿಪು ರೀ, ಮಗಳ ಬಾಣಂತನದ್ದು," ಎಂದು ಅವರು ಗಡಿಬಿಡಿಯಲ್ಲಿ ಹೇಳಿದರು. ನಾನು ಎತ್ತಿ ಕೊಟ್ಟೆ. ಬಟ್ಟೆಯಲ್ಲೇ ಒಣಗಿ, ಕರ್ಪೂರದ ಹೊಗೆ ಕುಡಿದು, ಸ್ವಲ್ಪ ಮುಗ್ಗಲು ಹಿಡಿದ ಆ ಅರಿಶಿನದ ವಾಸನೆ ಸಂಜೆಯ ತನಕ ಬೆರಳು ಬಿಟ್ಟು ಹೋಗಲಿಲ್ಲ.

ನಮ್ಮ ಮನೆಯಲ್ಲೂ ಒಂದು ವರ್ಷ ಇಂಥ ಗಂಟುಗಳಿದ್ದವು. ಒಂದಲ್ಲ, ನಾಲ್ಕು. ಆ ವರ್ಷವನ್ನು ನೆನೆದರೆ ನನಗೆ ಈಗಲೂ ಕೂತಲ್ಲೇ ಆಕಳಿಕೆ ಬರುತ್ತದೆ.

ಅದು ಶುರುವಾದದ್ದು ಡಿಸೆಂಬರಿನ ಕೊನೆಯ ಸಂಜೆ. ನಮ್ಮ ಯಜಮಾನರು ಬಟ್ಟೆ ಅಂಗಡಿಯಲ್ಲಿ ಸೇಲ್ಸ್‌ಮನ್. ಹೊಸ ವರ್ಷ ಬರುತ್ತಿದೆ, ಹುಡುಗರು ಹುರುಪಿನಲ್ಲಿರಲಿ ಎಂದು ಮಾಲೀಕರು ಎಲ್ಲರನ್ನೂ ಒಂದು ದಿನದ ತರಬೇತಿಗೆ ಕಳಿಸಿದ್ದರು. ದಿನವಿಡೀ ನಿಂತು ಸೀರೆ ಬಿಚ್ಚಿ ತೋರಿಸಿ ಬಂದು, ಮಾತಿಗೆ ಮುಂಚೆ ಕಾಲು ಚಾಚುವ ಮನುಷ್ಯ ಅವತ್ತು ಕಣ್ಣು ಹೊಳೆಸಿಕೊಂಡು ಬಂದರು. ಒಂದು ಕೈಯಲ್ಲಿ ಪೇಪರಿನಲ್ಲಿ ಕಟ್ಟಿದ ಖಾರ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ಇನ್ನೊಂದು ಕೈಯಲ್ಲಿ ತರಬೇತಿಯವರು ಕೊಟ್ಟ ಪೆನ್ನು.

"ಎಲ್ರೂ ನಡುಮನೀಗೆ ಬರ್ರಿ. ಸುಜಾತ, ಆ ಗ್ಯಾಸ್ ಆರಿಸಿ ಬಾ. ಒಂದು ಮುಖ್ಯವಾದ ಮಾತೈತೆ."

ಹಾಲು ಉಕ್ಕುವುದರಲ್ಲಿತ್ತು. ಸಣ್ಣ ಉರಿ ಮಾಡಿ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತೆ. ನಮ್ಮದು ದೇವರಾಜ ಅರಸು ಬಡಾವಣೆಯ ಎರಡು ಕೋಣೆಯ ಮನೆ. ನಡುಮನೆಯಲ್ಲೇ ಅತ್ತೆಯ ಮಂಚ, ಅದರ ಪಕ್ಕ ದೇವರ ಗೂಡು, ಅದರ ಕೆಳಗೆ ಮಗಳು ಅನುವಿನ ಪುಸ್ತಕ. ಅವಳು ಆಗ ಎರಡನೇ ಪಿಯುಸಿ. ಅತ್ತೆ ದೀಪಾವಳಿಗೆ ಮೊದಲು ಬಚ್ಚಲಿನಲ್ಲಿ ಜಾರಿಬಿದ್ದು, ತೊಡೆಯ ಮೂಳೆಗೆ ರಾಡ್ ಹಾಕಿಸಿಕೊಂಡು, ವಾಕರ್ ಹಿಡಿದು ಮಂಚದಿಂದ ಬಚ್ಚಲಿಗೆ, ಬಚ್ಚಲಿಂದ ಮಂಚಕ್ಕೆ ಅಷ್ಟೇ ಓಡಾಡುತ್ತಿದ್ದರು. ಅದೂ ನಾನು ತೋಳು ಹಿಡಿದರೆ.

"ಮನಸ್ಸನ್ನ ಸರಿಯಾಗಿ ಇಟ್ಕಂಡ್ರೆ ಅರ್ಧ ಕೆಲಸ ಆದಂಗೇ ಅಂತೆ," ಎಂದು ಯಜಮಾನರು ಶುರು ಮಾಡಿದರು. "ಎಲ್ಲಾ ಇರೋದು ಮೈಂಡ್‌ಸೆಟ್‌ನಾಗೆ. ಮನೆಮಂದಿ ಒಟ್ಟಿಗೆ ಕುಂತು ಹೊಸ ವರ್ಷಕ್ಕೆ ಗುರಿ ಇಟ್ಕೋಬೇಕಂತೆ. ಒಬ್ರ ಗುರೀಗೆ ಇನ್ನೊಬ್ರು ಹೆಗಲು ಕೊಡ್ಬೇಕಂತೆ."

ಆ 'ಇನ್ನೊಬ್ರು' ಯಾರೆಂದು ನನಗೆ ಆಗಲೇ ಹೊಳೆಯಬೇಕಿತ್ತು.

ಮೊದಲು ಅವರೇ ಹೇಳಿದರು. ಮುಂದೆ ಬಂದಿರುವ ಹೊಟ್ಟೆ ಒಳಗೆ ಹೋಗಬೇಕು. ದಿನಾ ಬೆಳಿಗ್ಗೆ ವಾಕಿಂಗು, ತಿಂಡಿಗೆ ಬದಲು ರಾಗಿ ಅಂಬಲಿ, ಮೆಣಸಿನಕಾಯಿ ಬಜ್ಜಿ ಪೂರ್ತಿ ಬಂದ್. ದಾವಣಗೆರೆಯಲ್ಲಿ ಹುಟ್ಟಿ ಬೆಳೆದ ಗಂಡಸು ಸಂಜೆಯ ಮಂಡಕ್ಕಿ ಮೆಣಸಿನಕಾಯಿ ಬಿಡುತ್ತೇನೆಂದರೆ ನಂಬುವುದು ಹೇಗೆ? ಅದನ್ನು ಅವರು ಹೇಳಿದ್ದೂ ಕೊನೆಯ ಬಜ್ಜಿಯ ತೊಟ್ಟು ಎಸೆದು ಬೆರಳು ಒರೆಸಿಕೊಂಡ ಮೇಲೆ.

ಅನು ನಸುಕಿನಲ್ಲಿ ಎದ್ದು ಓದುತ್ತೇನೆ, ಕೃಷಿ ಪದವಿಗೆ ಸೀಟು ತಗೊಂಡೇ ತಗೊಳ್ಳುತ್ತೇನೆ ಎಂದಳು. "ಆದ್ರೆ ಅಮ್ಮ ಎಬ್ಬಿಸ್ಬೇಕು" ಎಂಬುದನ್ನೂ ಸೇರಿಸಿದಳು.

ಆಮೇಲೆ ಅತ್ತೆಯ ಸರದಿ. ಅವರ ತವರು ಮಲೆಬೆನ್ನೂರಿನ ಆಚೆಯ ಹಳ್ಳಿ. ಭತ್ತದ ಒಕ್ಕಣೆ ಮುಗಿದ ಮೇಲೆ ಹರಿಹರಕ್ಕೆ ಬಂದು ಹೊಳೆ ನೋಡಿ, ದೇವರಿಗೆ ಕೈಮುಗಿದು ಹೋಗುವುದು ಅವರ ಮನೆಯ ಪದ್ಧತಿ. ಮದುವೆಯಾಗಿ ದಾವಣಗೆರೆಗೆ ಬಂದ ಮೇಲೂ ಅತ್ತೆ ಅದನ್ನು ಬಿಟ್ಟಿರಲಿಲ್ಲ. "ಮುಂದಿನ ವರ್ಷ ಇಷ್ಟೊತ್ತಿಗೆ ನನ್ನ ಕಾಲಾಗೇ ನಡ್ಕಂಡು ಹರಿಹರದ ಹೊಳೀಗೆ ಹೋಗ್ಬೇಕು," ಎಂದರು.

"ನಿಂದೇನು ಸುಜಾತ?"

ಹಿಂದೆ ಹಾಲು ಸದ್ದು ಮಾಡುತ್ತಿತ್ತು, ಸಿಂಕಿನಲ್ಲಿ ಪಾತ್ರೆ ಹಾಗೇ ಇದ್ದವು, ಬೆಳಿಗ್ಗೆಯಿಂದ ಕ್ಲಿನಿಕ್ಕಿನಲ್ಲಿ ನಿಂತು ಹಿಮ್ಮಡಿ ಸುಡುತ್ತಿತ್ತು. "ನಂಗೆ ಒಂದಿನ, ಒಂದೇ ಒಂದಿನ, ಹೊತ್ತು ಹುಟ್ಟೋವರ್ಗೂ ನಿದ್ದೆ ಮಾಡಿ ಆಮೇಲೆ ಏಳ್ಬೇಕು," ಎಂದೆ.

ಯಜಮಾನರು ನಕ್ಕರು. "ಅದೂ ಒಂದು ಗುರಿಯೇನೇ? ಗುರಿ ಅಂದ್ರೆ ದೊಡ್ಡದಿರ್ಬೇಕು ಅಂತ ಹೇಳ್ಯಾರೆ."

"ನಂಗೆ ಇದೇ ದೊಡ್ಡದು ಕಣ್ರೀ."

ಅನುವೂ ನಕ್ಕಳು. ಅತ್ತೆ ನಗಲಿಲ್ಲ. ನಾನು ಉಕ್ಕಿದ ಹಾಲು ಒರೆಸಲು ಒಳಗೆ ಹೋದೆ.

ಮರುದಿನ ಬೆಳಿಗ್ಗೆ ನೋಡಿದರೆ ಅತ್ತೆ ಮಂಚದ ಮೇಲೆ ಕೂತು ಮಾವನವರ ಹಳೆಯ ಪಂಚೆಯ ಅಂಚು ಹರಿದು, ಅರಿಶಿನದ ನೀರಿನಲ್ಲಿ ಅದ್ದಿ, ನಾಲ್ಕು ತುಂಡು ಒಣಹಾಕಿದ್ದರು. ಸಂಜೆ ಒಂದೊಂದರಲ್ಲಿ ಒಂದೊಂದು ರೂಪಾಯಿ ಇಟ್ಟು ಗಂಟು ಕಟ್ಟಿ ಗೂಡಿನ ಮೊಳೆಗೆ ತೂಗುಹಾಕಿಸಿದರು.

"ಅವ್ವಾ, ಇದು ಹರಕೆ ಅಲ್ಲ, ಗುರಿ!" ಎಂದು ಯಜಮಾನರು ಗಾಬರಿಯಾದರು. "ಆದ್ರೆ ಆತು, ಹೋದ್ರೆ ಹೋತು. ದೇವ್ರನ್ನ ಯಾಕ ಎಳ್ಕಂಬರ್ತಿ?"

"ದೀಪ ಹಚ್ಚಿಟ್ಟ ಹೊತ್ತಿನಾಗೆ, ಗೂಡಿನ ಮುಂದೆ ಕುಂತು, ನಾಕು ಮಂದಿ ಬಾಯಿಬಿಟ್ಟು ಹೇಳೀರಿ. ಇನ್ನೇನು ಬೇಕು ಹರಕೀಗೆ? ತೀರೋವರ್ಗೂ ಬಿಚ್ಚಂಗಿಲ್ಲ."

ಅಲ್ಲಿಗೆ ನಮ್ಮ ಕಥೆ ಮುಗಿಯಿತು. ಅಂಗಡಿಯ ಉಳಿದವರ ಗುರಿಗಳು ಸಂಕ್ರಾಂತಿಯ ಎಳ್ಳು ಬೆಲ್ಲದ ಜೊತೆಗೇ ಕರಗಿಹೋದವಂತೆ. ನಮ್ಮ ಮನೆಯಲ್ಲಿ ಮರೆಯುವುದಕ್ಕೆ ದಾರಿಯೇ ಇರಲಿಲ್ಲ. ಊದಿನಕಡ್ಡಿ ಹಚ್ಚಲು ಹೋದರೆ ನಾಲ್ಕು ಗಂಟು ಹಣೆಗೆ ತಾಗುತ್ತಿದ್ದವು.

ಆ ಜನವರಿಯ ಚಳಿ ನನಗೆ ಚೆನ್ನಾಗಿ ನೆನಪಿದೆ, ಏಕೆಂದರೆ ಅದನ್ನು ನಾನು ಪೂರ್ತಿ ಎಚ್ಚರದಲ್ಲೇ ಕಳೆದೆ. ಮೊದಲು ಐದೂವರೆಗೆ ಏಳುತ್ತಿದ್ದವಳು ಈಗ ನಾಲ್ಕಕ್ಕೇ ಏಳಬೇಕಾಯಿತು. ಅನುವನ್ನು ಎಬ್ಬಿಸುವುದೇ ಒಂದು ಕೆಲಸ. ಎದ್ದವಳು ಮತ್ತೆ ಪುಸ್ತಕದ ಮೇಲೆ ತಲೆಯಿಟ್ಟು ಮಲಗದಂತೆ ಚಹಾ ಕೊಡುವುದು ಇನ್ನೊಂದು. ಅಷ್ಟರಲ್ಲಿ ಯಜಮಾನರ ಅಂಬಲಿ. ಅವರು ಮಫ್ಲರ್ ಸುತ್ತಿಕೊಂಡು ವಾಕಿಂಗಿಗೆ ಹೊರಟರೆ ಹಿಂದೆ ಬಾಗಿಲು ಹಾಕಲು ನಾನೇ ಹೋಗಬೇಕು. ಆಮೇಲೆ ಅತ್ತೆಯ ಕಾಲು. ನಮ್ಮ ಕ್ಲಿನಿಕ್ಕಿಗೆ ಬರುವ ಫಿಸಿಯೋಥೆರಪಿಯವರು ನನಗೆ ವ್ಯಾಯಾಮ ತೋರಿಸಿಕೊಟ್ಟಿದ್ದರು: ಪಾದ ನನ್ನ ಮಡಿಲಲ್ಲಿಟ್ಟು ಒತ್ತುವುದು, ಮಂಡಿ ಮಡಿಸುವುದು, ನೆಟ್ಟಗೆ ಎತ್ತಿಸುವುದು. ನಲ್ಲಿ ನೀರು ಬರುವ ದಿನವಾದರೆ ಇದರ ನಡುವೆಯೇ ಕೊಡ ಬಕೆಟ್ಟು ಡ್ರಮ್ಮು ತುಂಬಬೇಕು. ನೀರು ಬರುವುದು ವಾರಕ್ಕೊಮ್ಮೆ, ಅದೂ ಕತ್ತಲಿರುವಾಗಲೇ. ಬಿಟ್ಟರೆ ಮತ್ತೆ ವಾರ ಕಾಯಬೇಕು.

ಇಷ್ಟೆಲ್ಲ ಮುಗಿಸಿ ಪಿ.ಜೆ. ಬಡಾವಣೆಯ ಕ್ಲಿನಿಕ್ಕಿಗೆ ಆಟೋ ಹತ್ತಿದರೆ ಅಲ್ಲೇ ಜೋಂಪು ಹತ್ತುತ್ತಿತ್ತು. ಎಷ್ಟೋ ಸಲ ಆಟೋದವನೇ "ಅಕ್ಕಾರೆ, ಬಂತು ನೋಡ್ರಿ" ಎಂದು ಎಬ್ಬಿಸಿದ್ದಾನೆ.

ಫೆಬ್ರವರಿಯ ಒಂದು ಬೆಳಿಗ್ಗೆ ಅತ್ತೆಗೆ ನೋವು ತಡೆಯಲಾಗಲಿಲ್ಲ. "ಬಿಡವ್ವ, ಇವತ್ತು ಬ್ಯಾಡ. ಈ ಕಾಲು ಇನ್ನು ಇಷ್ಟೇ," ಎಂದು ಮುಖ ತಿರುಗಿಸಿದರು. ನನಗೂ ತಲೆ ಕೆಟ್ಟಿತ್ತು. "ಗಂಟು ಕಟ್ಟಿದ್ದು ಯಾರ್ರಿ? ನಾನಾ? ನಿಮ್ಮ ಗಂಟಿನ ಸಲುವಾಗಿ ನನ್ನ ಗಂಟು ಗಾಳೀಗೆ ಹೋಗೈತೆ," ಎಂದು ಒದರಿಬಿಟ್ಟೆ. ಒಳಗೆ ಓದುತ್ತಿದ್ದ ಅನುವಿನ ದನಿ ನಿಂತಿತು. ಅತ್ತೆ ನನ್ನನ್ನೇ ನೋಡಿದರು. ತುಟಿ ಕಚ್ಚಿಕೊಂಡು ಕಾಲು ಎತ್ತಿದರು. ಅವತ್ತಿನಿಂದ ಅವರು ಬ್ಯಾಡ ಎನ್ನಲಿಲ್ಲ. ನಾನೂ ಮತ್ತೆ ಒದರಲಿಲ್ಲ.

ಯಜಮಾನರ ಹರಕೆ ಮುರಿದದ್ದು ಶಿವರಾತ್ರಿಯ ಹೊತ್ತಿಗೆ. ಸಂಜೆ ಒಳಗೆ ಬಂದು ನೇರ ಬಚ್ಚಲಿಗೆ ಹೋಗಿ ಕೈಬಾಯಿ ತೊಳೆದು ಬಂದರು. ಯಾವತ್ತೂ ಇಲ್ಲದ ಮಡಿ. ಅತ್ತೆ ಮಂಚದಿಂದಲೇ ಕರೆದರು. "ಪ್ರಕಾಶ, ಇಲ್ಲಿ ಬಾ. ತೋಳು ತೋರ್ಸು." ಅಂಗಿಯ ತೋಳಿನಲ್ಲಿ ಎಣ್ಣೆಯ ಕಲೆ, ಹತ್ತಿರ ಹೋದರೆ ಓಂಕಾಳಿನ ವಾಸನೆ.

"ಒಂದೇ ತಿಂದೆ ಕಣವ್ವ. ಬಿಸಿ ಬಿಸಿ ತೆಗೀತಿದ್ದ."

"ಗಂಟು ನಿನ್ನನ್ನೇ ನೋಡ್ತೈತೆ ನೋಡು."

ಅಂದಿನಿಂದ ಅವರು ಬಜ್ಜಿ ತಿನ್ನುವುದನ್ನು ಬಿಡಲಿಲ್ಲ, ಅದರಲ್ಲಿ ಸುಖಪಡುವುದನ್ನು ಬಿಟ್ಟರು. ಗೂಡಿನ ಮುಂದೆ ಹಾದುಹೋಗುವಾಗ ತಲೆ ತಗ್ಗಿಸುತ್ತಿದ್ದರು. ಮೈಂಡ್‌ಸೆಟ್ ಎಂಬ ಮಾತು ಅವರ ಬಾಯಲ್ಲಿ ಮತ್ತೆ ಬರಲಿಲ್ಲ. ಅಂಬಲಿ ಮಾತ್ರ ತಪ್ಪದೆ ಬೇಕಾಗಿತ್ತು.

ಬೇಸಿಗೆ ಬಂತು. ನಮ್ಮೂರಿನ ಬಿಸಿಲಿಗೆ ಗೋಡೆಗಳೇ ರಾತ್ರಿಯಿಡೀ ಉಸಿರು ಬಿಡುತ್ತವೆ. ಅನುವಿನ ಪರೀಕ್ಷೆಗಳು ಮುಗಿದವು. ಕೊನೆಯ ಪರೀಕ್ಷೆಯ ಮರುದಿನ ಅವಳು ಒಂಬತ್ತಾದರೂ ಏಳಲಿಲ್ಲ. ಫ್ಯಾನಿನ ಕೆಳಗೆ ಕೈಕಾಲು ಚೆಲ್ಲಿ, ಬಾಯಿ ತೆರೆದು ಮಲಗಿದ್ದಳು. ನಾನು ಟಿಫನ್ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತು ನೋಡಿದೆ. ಹೆತ್ತ ಮಗಳ ನಿದ್ದೆ ಕಂಡು ಹೊಟ್ಟೆಕಿಚ್ಚಾಯಿತು. ಇದ್ದದ್ದನ್ನು ಇದ್ದಂತೆ ಹೇಳುತ್ತಿದ್ದೇನೆ. ಅವಳ ಕೆನ್ನೆ ಸವರಬೇಕೆನಿಸಲಿಲ್ಲ, ಅವಳನ್ನು ಪಕ್ಕಕ್ಕೆ ಸರಿಸಿ ಅಲ್ಲೇ ಬಿದ್ದುಕೊಳ್ಳಬೇಕೆನಿಸಿತು.

ಹಾಗಾದರೆ ಇನ್ನೇನು, ಎಬ್ಬಿಸುವ ಕೆಲಸ ತಪ್ಪಿತಲ್ಲ, ನೀನೂ ಮಲಗಬಹುದಿತ್ತಲ್ಲ ಎಂದು ಯಾರಾದರೂ ಕೇಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಒಂದು ಭಾನುವಾರ ಮನಸ್ಸು ಗಟ್ಟಿ ಮಾಡಿ ಮಲಗಿದೆ. ನಾಲ್ಕಕ್ಕೆ ಕಣ್ಣು ತಾನಾಗಿ ತೆರೆಯಿತು. ಮುಚ್ಚಿದರೆ ಹಾಲಿನವನ ಗಾಡಿ, ಪಕ್ಕದ ಮನೆಯ ಮೋಟರು, ಮಂಚದ ಮೇಲೆ ಅತ್ತೆ ಮಗ್ಗುಲು ಬದಲಿಸುವ ಸದ್ದು. ಅವರು ಬಚ್ಚಲಿಗೆ ಹೋಗಬೇಕೇನೋ, ನಾನು ಮಲಗಿದ್ದೇನೆಂದು ತಡೆದುಕೊಂಡಿದ್ದಾರೇನೋ ಎನಿಸಿ ಎದ್ದುಬಿಟ್ಟೆ. ನಿದ್ದೆಗೂ ಅಭ್ಯಾಸ ಬೇಕು, ಅದು ನನಗೆ ತಪ್ಪಿಹೋಗಿತ್ತು.

ಮಳೆಗಾಲದಲ್ಲಿ ಕ್ಲಿನಿಕ್ಕಿನ ತುಂಬಾ ಜ್ವರದವರು. ಟೋಕನ್ ಕೊಟ್ಟೂ ಕೊಟ್ಟೂ ನನಗೂ ಹತ್ತಿತು. ಮೈಮೇಲೆ ಪ್ರಜ್ಞೆಯಿಲ್ಲದೆ ಮೂರು ದಿನ ಮಲಗಿದೆ. ಯಾವಾಗ ಬೆಳಗಾಯಿತು, ಯಾವಾಗ ಕತ್ತಲಾಯಿತು ತಿಳಿಯದು. ನಡುಮನೆಯಲ್ಲಿ ಯಜಮಾನರು ಹೇಳುತ್ತಿದ್ದುದು ಮಾತ್ರ ಕನಸಿನಂತೆ ಕೇಳಿಸಿತು. "ಅವ್ವಾ, ಸುಜಾತನ ಹರಕೆ ತೀರ್ತಲ್ಲ. ಹತ್ತು ಗಂಟೆ ಆತು, ಇನ್ನೂ ಎದ್ದಿಲ್ಲ."

"ಬಾಯಿ ಮುಚ್ಚು," ಅತ್ತೆಯ ದನಿ. "ಜ್ವರದಾಗೆ ಬಿದ್ದಿದ್ದು ಲೆಕ್ಕಕ್ಕಿಲ್ಲ."

ನಾಲ್ಕನೆಯ ದಿನ ಎದ್ದು ನೋಡಿದರೆ ನನ್ನ ಗಂಟು ಮೊಳೆಯಲ್ಲಿ ಹಾಗೇ ಇತ್ತು. ನಗು ಬಂತು, ನಗಲು ತ್ರಾಣವಿರಲಿಲ್ಲ.

ಆ ಮಳೆ ನಿಲ್ಲುವ ಹೊತ್ತಿಗೆ ಅನುವಿಗೆ ಬೇಕಾದ ಸೀಟು ಸಿಕ್ಕಿತು. ಅವಳು ಹಾಸ್ಟೆಲಿಗೆ ಹೋದಳು. ಮನೆ ಇದ್ದಕ್ಕಿದ್ದಂತೆ ದೊಡ್ಡದಾಯಿತು. ಅತ್ತೆ ತೋಳಿನ ಆಸರೆಯಿಲ್ಲದೆ ವಾಕರ್ ಹಿಡಿದು ಓಣಿಯ ತಿರುವಿನ ತನಕ ಹೋಗಿಬರತೊಡಗಿದರು. ಹಿಂದೆ ನಾನಿರಬೇಕು, ಮುಟ್ಟಬಾರದು. ಹಾಗೆ ದೀಪಾವಳಿ ದಾಟಿತು, ಭತ್ತದ ಕೊಯ್ಲಾಯಿತು, ಅತ್ತೆಯ ತವರಿನಿಂದ ಹೊಸ ಅಕ್ಕಿ ಬಂತು, ಡಿಸೆಂಬರಿನ ಕೊನೆಯ ಭಾನುವಾರ ಹರಿಹರಕ್ಕೆ ಹೋಗುವುದೆಂದು ಅತ್ತೆ ಹೇಳಿಬಿಟ್ಟರು. ಅನುವೂ ರಜೆಗೆ ಬಂದಿದ್ದಳು.

ಆ ಭಾನುವಾರ ನನಗೆ ಎಂದಿನಂತೆ ಕತ್ತಲಲ್ಲೇ ಎಚ್ಚರವಾಯಿತು. ಎದ್ದು ಕೂರಬೇಕು, ಅಷ್ಟರಲ್ಲಿ ನಡುಮನೆಯಲ್ಲಿ ವಾಕರಿನ ಸದ್ದು. ಟಕ್ ಎಂದು ಊರುವುದು, ಆಮೇಲೆ ಕಾಲೆಳೆಯುವ ಸರಸರ. ಬಚ್ಚಲ ಕಡೆಗಲ್ಲ, ಅಡುಗೆಮನೆಯ ಕಡೆಗೆ. "ಸದ್ದು ಮಾಡ್ಬ್ಯಾಡ್ರೋ, ಎದ್ದಾಳು," ಎಂದು ಅತ್ತೆ ಪಿಸುಗುಟ್ಟಿದ್ದು ಕೇಳಿಸಿತು. ಯಜಮಾನರು ಯಾವಾಗಲೋ ಎದ್ದು ಹೋಗಿದ್ದರು. ಅನು ನನ್ನ ಕೋಣೆಯ ಬಾಗಿಲನ್ನು ಮೆಲ್ಲಗೆ ಮುಂದೆ ಮಾಡಿದಳು.

ನನಗೆ ಅರ್ಥವಾಯಿತು. ಅರ್ಥವಾದ ಮೇಲೆ ನಿದ್ದೆ ಎಲ್ಲಿಂದ ಬರಬೇಕು? ಅಡುಗೆಮನೆಯ ಹೊಸ್ತಿಲು ಎತ್ತರ. ವಾಕರಿನ ಕಾಲು ಅದಕ್ಕೆ ತಾಗಿದರೆ? ನೆಲ ಒದ್ದೆಯಿದ್ದರೆ? ಟಕ್, ಸರಸರ. ಟಕ್, ಸರಸರ. ನಾನು ಹೊದಿಕೆಯೊಳಗೆ ಮುಷ್ಟಿ ಬಿಗಿದು ಮಲಗಿದ್ದೆ. ಹೊಸ್ತಿಲ ಹತ್ತಿರ ಸದ್ದು ನಿಂತಿತು. ಅಷ್ಟು ಹೊತ್ತು ನಾನು ಉಸಿರಾಡಲಿಲ್ಲ. ಆಮೇಲೆ ಟಕ್ ಎಂಬುದು ಆಚೆ ಬದಿಯಿಂದ ಕೇಳಿಸಿತು. ಗ್ಯಾಸಿನ ಲೈಟರ್ ಸದ್ದಾಯಿತು. ಏನೋ ಬಿತ್ತು, ಯಜಮಾನರು ಬೈಸಿಕೊಂಡರು. ರವೆ ಹುರಿಯುವ ವಾಸನೆ ಬಂತು, ತುಸು ಸೀದದ್ದೇ.

ಎದ್ದು ಓಡಬೇಕೆಂದು ಎಷ್ಟು ಸಲ ಅನಿಸಿತೋ. ಎದ್ದರೆ ಅವರು ಮಾಡಿದ್ದೆಲ್ಲ ವ್ಯರ್ಥ. ಗೋಡೆಯ ಮೇಲೆ ಬಿಸಿಲು ಬೀಳುವ ತನಕ ಕಣ್ಣು ಮುಚ್ಚಿ ಬಿದ್ದಿದ್ದೆ. ಇಡೀ ವರ್ಷದ ಕೆಲಸಕ್ಕಿಂತ ಆ ಬೆಳಗಿನ ಸುಮ್ಮನಿರುವಿಕೆಯೇ ನನ್ನನ್ನು ಹೆಚ್ಚು ದಣಿಸಿತು.

ಹೊರಗೆ ಬಂದಾಗ ಅತ್ತೆ ಒಲೆಯ ಮುಂದೆ ವಾಕರಿಗೆ ಒರಗಿ ನಿಂತಿದ್ದರು. ಬೆವರಿದ್ದರು. "ನಿದ್ದಿ ಬಂತೇನವ್ವ?"

"ಬಂತು ರೀ ಅತ್ತೆ. ಚೆನ್ನಾಗಿ ಬಂತು."

ಉಪ್ಪಿಟ್ಟಿಗೆ ಉಪ್ಪು ಹಾಕಿರಲಿಲ್ಲ. ಎರಡು ಸಲ ಹಾಕಿಸಿಕೊಂಡು ತಿಂದೆ.

ಆಟೋದಲ್ಲಿ ಹರಿಹರಕ್ಕೆ ಹೋದೆವು. ದೇವಸ್ಥಾನದಲ್ಲಿ ಕೈಮುಗಿದು, ಅತ್ತೆ ವಾಕರ್ ಊರಿಕೊಂಡು ನಡೆದೇ ಹೊಳೆಯ ಕಡೆ ಹೊರಟರು. ಆಗಾಗ ನಿಂತರು, ಯಾರ ಕೈಯನ್ನೂ ಹಿಡಿಯಲಿಲ್ಲ. ತುಂಗಭದ್ರೆ ಇಳಿದು, ಬಂಡೆಗಳು ಬೆನ್ನು ತೋರಿಸಿಕೊಂಡು ಬಿದ್ದಿದ್ದವು. ಮೆಟ್ಟಿಲುಗಳ ಮೇಲ್ತುದಿಗೆ ಬಂದು ಅತ್ತೆ ನಿಂತರು. ಕೆಳಗೆ ಇಳಿಯುವುದು ಆಗದ ಮಾತು ಎಂದು ಎಲ್ಲರಿಗೂ ಕಂಡಿತು. ಅನು ಓಡಿಹೋಗಿ ಬಾಟಲಿಯಲ್ಲಿ ನೀರು ತಂದು ಅಜ್ಜಿಯ ಪಾದಕ್ಕೆ ಸುರಿದಳು. ಅತ್ತೆ ಕಣ್ಣು ಮುಚ್ಚಿಕೊಂಡು ಬಹಳ ಹೊತ್ತು ನಿಂತರು.

"ನಂದು ತೀರ್ತು," ಎಂದರು.

"ನೀರಿಗೇ ಇಳೀಲಿಲ್ಲ, ಹೆಂಗೆ ತೀರ್ತು?" ಯಜಮಾನರು ಬಿಡಲಿಲ್ಲ.

"ಹೊಳೀಗೆ ಹೋಗ್ತೀನಿ ಅಂದಿದ್ದೆ. ಇಳೀತೀನಿ ಅಂತ ಯಾವಾಗ ಅಂದೆ?"

ಮತ್ತೆ ದೇವಸ್ಥಾನಕ್ಕೆ ಬಂದು ಅತ್ತೆ ತಮ್ಮ ಗಂಟನ್ನು, ಅನುವಿನ ಗಂಟನ್ನು ಹುಂಡಿಗೆ ಹಾಕಿಸಿದರು. ಯಜಮಾನರದ್ದಕ್ಕೆ ಮಾತ್ರ ತಪ್ಪುಕಾಣಿಕೆ. ಗಂಟಿನ ಜೊತೆಗೆ ಇನ್ನಷ್ಟು ದುಡ್ಡು ಸೇರಿಸಿ, ಕೆನ್ನೆ ಬಡಿದುಕೊಂಡು, "ನನ್ನಿಂದಾಗಲಿಲ್ಲ, ಬಿಟ್ಟುಬಿಡಪ್ಪ" ಎಂದು ಬೇಡಿಕೊಳ್ಳಬೇಕು. ಅವರು ಎಷ್ಟು ಮನಸಾರೆ ಬೇಡಿಕೊಂಡರೆಂದರೆ, ಹೊರಗೆ ಬಂದಾಗ ಮುಖ ಹಗುರವಾಗಿತ್ತು. ಸಂಜೆಗೆ ಬಜ್ಜಿ ತರುವ ಲಕ್ಷಣ ಅಲ್ಲೇ ಕಾಣುತ್ತಿತ್ತು.

ನನ್ನ ಗಂಟು ಅತ್ತೆಯ ಕೈಯಲ್ಲೇ ಉಳಿಯಿತು. ನಾನು ಕೈ ಚಾಚಿದೆ. ಅವರು ಕೊಡಲಿಲ್ಲ.

"ಇದನ್ನ ಹಾಕಂಗಿಲ್ಲ."

"ಯಾಕವ್ವ? ಇವತ್ತು ಹೊತ್ತು ಹುಟ್ಟಿದ ಮ್ಯಾಲೇ ಎದ್ದಾಳಲ್ಲ. ನಾವೆಲ್ಲಾ ಕತ್ತಲಾಗೆ ಎದ್ದಿದ್ದು ಮತ್ತ್ಯಾಕ?" ಎಂದರು ಯಜಮಾನರು.

"ಎದ್ದಿದ್ದು ಖರೆ. ನಿದ್ದಿ ಮಾಡಿಲ್ಲ." ಅತ್ತೆ ನನ್ನ ಕಡೆ ತಿರುಗಿದರು. "ನಾನು ಹೊಸ್ತಿಲು ದಾಟೋವರ್ಗೂ ನೀನು ಉಸ್ರು ಹಿಡ್ಕಂಡಿದ್ದೆ. ದಾಟಿದ ಮ್ಯಾಲೆ ಬಿಟ್ಟಿದ್ದು ಅಡಿಗಿ ಮನೀಗೆ ಕೇಳಿಸ್ತು. ನಂಗೆ ತಿಳಿಯಲ್ಲೇನು? ನಿಮ್ಮತ್ತಿ ಆಗೋಕೆ ಮೊದ್ಲು ನಾನೂ ಒಬ್ರ ಮನೆ ಸೊಸೀನೇ. ನಾನೂ ಹಂಗೇ ಮಲಗೀನಿ."

ನನಗೆ ಅಳು ಬಂತು. ದೇವಸ್ಥಾನದ ಕಟ್ಟೆಯ ಮೇಲೆ, ಬರುವವರು ಹೋಗುವವರ ನಡುವೆ, ಸೆರಗು ಬಾಯಿಗೊತ್ತಿಕೊಂಡು ಅತ್ತುಬಿಟ್ಟೆ. ಅತ್ತೆ ನನ್ನ ಸೆರಗಿನ ತುದಿ ಎಳೆದುಕೊಂಡು ಅದಕ್ಕೆ ಆ ಗಂಟನ್ನು ಬಿಗಿಯಾಗಿ ಕಟ್ಟಿದರು.

ಇದೆಲ್ಲ ಆಗಿ ಕೆಲವು ವರ್ಷಗಳಾದವು. ಆ ಗಂಟು ಅವತ್ತೇ ನನ್ನ ಸೆರಗಿನಿಂದ ಮತ್ತೆ ಗೂಡಿನ ಮೊಳೆಗೆ ಹೋಯಿತು. ಅನು ಓದು ಮುಗಿಸುವುದರಲ್ಲಿದ್ದಾಳೆ. ದೀಪ ಹಚ್ಚುವ ಹೊತ್ತಿನಲ್ಲಿ ನಮ್ಮ ಮನೆಯಲ್ಲಿ ಯಾರೂ ಗುರಿಯ ಮಾತೆತ್ತುವುದಿಲ್ಲ. ಅತ್ತೆ ಈಗ ಕೋಲು ಹಿಡಿದು ಓಡಾಡುತ್ತಾರೆ, ಮೊದಲಿಗಿಂತ ಬಾಗಿದ್ದಾರೆ.

ಮೊನ್ನೆ ಕ್ಲಿನಿಕ್ಕಿನಿಂದ ಬಂದವಳೇ ಗೂಡಿನ ಹತ್ತಿರ ಹೋಗಿ ಮೊಳೆ ತಡವಿದೆ.

"ಏನವ್ವ ಹುಡುಕ್ತಿ?"

"ಏನಿಲ್ಲ ರೀ ಅತ್ತೆ."

"ಐತೆ ಬಿಡು, ಅಲ್ಲೇ ಐತೆ," ಎಂದರು ಮಂಚದಿಂದ. ಕೋಲು ಪಕ್ಕಕ್ಕಿಟ್ಟು ಮತ್ತೆ ಹೇಳಿದರು: "ನಾನಿರೋದ್ರಾಗೆ ಒಂದಿನ ಮಲಗಿಬಿಡವ್ವ. ಬಿಚ್ಚೋರು ಯಾರು ಆಮ್ಯಾಲೆ?"

"ಮಲಗ್ತೀನಿ ರೀ," ಎಂದೆ. ಬೆರಳು ಮೂಸಿ ನೋಡಿಕೊಂಡೆ, ಅದೇ ವಾಸನೆ. ಆಮೇಲೆ ಖಾಲಿ ಕೊಡಗಳನ್ನು ತೊಳೆದು ನಲ್ಲಿಯ ಹತ್ತಿರ ಸಾಲಾಗಿ ಇಟ್ಟು ಬಂದೆ. ಮರುದಿನ ನೀರು ಬರುವ ದಿನವಾಗಿತ್ತು.